ಮಾಲೀಕರು ಎಲ್ಲಿ ಮಲಗಬೇಕು?

...ಅಥವಾ ಆ ಕೌದಿ ನೀಲಿಯದೇ ಇತ್ತೇನೋ. ನಡುವೆ ಇಳಕಲ್ ಸೀರೆಯ ಕೆಂಪು ಸೆರಗಿನ ತುಂಡು ಹೊಲಿದಿತ್ತೆಂದು ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ. ಪ್ರತಿ ಸಲ ಹೇಳುವಾಗಲೂ ಕೆಂಪು ಇನ್ನಷ್ಟು ಕೆಂಪಾಗುತ್ತದೆ, ಅದಕ್ಕೇ ಅನುಮಾನ. ಕೌದಿ ಇದ್ದದ್ದಂತೂ ನಿಜ. ಬಾದಾಮಿಯ ನನ್ನ ಸೋದರತ್ತೆ ಶಾಂತತ್ತೆಯದು. ಅದು ಇರಬಾರದ ಮನೆಯಲ್ಲಿತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಗುಹೆ ನೋಡಲು ಬರುವವರಿಗೆ ಎರಡು ಮೂರು ದಿನದ ಮಟ್ಟಿಗೆ ಮನೆಯ ಕೋಣೆ ಬಾಡಿಗೆಗೆ ಕೊಡಬಹುದು, ಆದರೆ ಮಾಲೀಕರು ಅದೇ ಮನೆಯಲ್ಲಿ ವಾಸವಿರಬೇಕು ಎಂಬ ನಿಯಮವಿತ್ತು. ಶಾಂತತ್ತೆ ಪರವಾನಗಿ ಪಡೆದಳು. ಬಾಡಿಗೆಗಿಂತ ಅವಳಿಗೆ ಬೇಕಾಗಿದ್ದದ್ದು ಹೊಸ ಮಂದಿ. ಅವರಿಗೆ ಬಿಸಿ ರೊಟ್ಟಿ ಬಡಿದು ಹಾಕುತ್ತ, ಮಕ್ಕಳೆಷ್ಟು, ಅತ್ತೆ ಹೇಗೆ, ಜಗಳ ಯಾರದು ಎಂದು ಬುಡದಿಂದ ವಿಚಾರಿಸಬೇಕು. ಪರವಾನಗಿ ಹೋದರೆ ಈ ವಿಚಾರಣೆಯೆಲ್ಲ ನನ್ನ ಮೇಲೆ ತಿರುಗುತ್ತಿತ್ತು. ಹಾಗಾಗಿ ಅದು ಉಳಿಯಲಿ ಎಂಬ ಆಸೆ ನನಗೂ ಇತ್ತು.

ನಿಯಮ ಬರೆದವರಿಗೆ ನಮ್ಮ ಕಡೆಯ ಚಾಳಿ ಗೊತ್ತಿರಲಿಲ್ಲ. ಮನೆಗೆ ಯಾರಾದರೂ ಬಂದರೆ ಮನೆಯವರೇ ಹಾಸಿಗೆ ಎತ್ತಿಕೊಂಡು ಪಕ್ಕದ ಮನೆಗೆ ಹೋಗುತ್ತಾರೆ, ಬಂದವರು ಆರಾಮಾಗಿ ಕಾಲು ಚಾಚಲಿ ಎಂದು. ಪುಣೆಯಿಂದ ಗಂಡಹೆಂಡತಿ ಬಂದಿದ್ದಾಗ ಶಾಂತತ್ತೆ ಮಾಡಿದ್ದೂ ಅದನ್ನೇ. ದಿನವೆಲ್ಲ ತನ್ನ ಮನೆ, ಮಲಗುವುದು ನೆರೆಯ ನೀಲವ್ವನ ಮಾಳಿಗೆಯ ಮೇಲೆ.

ಒಂದು ಬೆಳಿಗ್ಗೆ ತಪಾಸಣೆಯ ಸಾಹೇಬರು ಬಂದರು. ಅತ್ತೆ ತನ್ನ ದೇವರ ಜಗಲಿ, ಒಲೆ, ಹಲ್ಲುಪುಡಿ, ಕೊನೆಗೆ ಔಷಧದ ಬಾಟಲಿಯನ್ನೂ ತೋರಿಸಿದಳು. ಅವರು ಹೆಚ್ಚುಕಡಿಮೆ ನಂಬಿದ್ದರು. ಆಗ ನೀಲವ್ವ ಹೆಗಲ ಮೇಲೆ ಕೌದಿ ಹೊತ್ತು ಒಳಗೆ ಬಂದಳು.

“ಏನ ಶಾಂತಕ್ಕ, ದಿನಾ ಮಲಗಾಕ ಬರ್ತಿ, ಕೌದಿ ಮಡಚಾಕೂ ನಾನೇ ಬೇಕೇನು?”

ಸಾಹೇಬರು ಕೌದಿಯನ್ನೂ ಅತ್ತೆಯನ್ನೂ ನೋಡಿದರು. “ಅಲ್ರಿ ಅಕ್ಕಾರ, ಮಾಲಕರು ಇಲ್ಲೇ ಇರಬೇಕಂತ ಐತಿ.”

“ಇಲ್ಲೇ ಇರ್ತೇನ್ರಿ. ಎಚ್ಚರಿದ್ದಾಗೆಲ್ಲ ಇಲ್ಲೇ. ನಿದ್ದಿ ಹತ್ತಿದ ಮ್ಯಾಲ ನಾ ಎಲ್ಲಿರ್ತೇನಿ ಅಂತ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ.”

ವಾಸ ಎಂದರೇನು ಎಂಬುದು ಸಣ್ಣ ಪ್ರಶ್ನೆಯಲ್ಲ. ಬಾದಾಮಿಯ ಗುಹೆಗಳನ್ನು ಕೊರೆಸಿದ ಅರಸರು ಅಲ್ಲಿ ಒಂದು ರಾತ್ರಿಯಾದರೂ ಮಲಗಿದ್ದರೋ ಇಲ್ಲವೋ. ಈ ನಿಯಮ ಹಚ್ಚಿದರೆ ಅವು ನೇರವಾಗಿ ಅಲ್ಲೇ ವಾಸವಿರುವ ಮಂಗಗಳ ಹೆಸರಿಗೆ ಆಗುತ್ತವೆ. ಇದೇ ನಿಯಮವನ್ನು ಮನಸ್ಸಿಗೂ ಹಚ್ಚಿದರೆ ನನ್ನ ಪರವಾನಗಿ ಎಂದೋ ರದ್ದಾಗಬೇಕಿತ್ತು. ಅಲ್ಲಿ ಮಾಲೀಕ ಸಿಗುವುದೇ ಅಪರೂಪ.

ಸಾಹೇಬರು ನಕ್ಕರು. ಪರವಾನಗಿ ಇರಲಿ, ಆದರೆ ಇವತ್ತಿನಿಂದ ನೀವೂ ನಿಮ್ಮ ಕೌದಿಯೂ ಇಲ್ಲೇ ಇರಬೇಕು, ಮತ್ತೊಮ್ಮೆ ಬಂದು ನೋಡುತ್ತೇನೆ ಎಂದರು. ಅತ್ತೆ ಅಂದು ವಿಧೇಯಳಾಗಿ ತನ್ನ ಮನೆಯಲ್ಲೇ ಮಲಗಿದಳು. ಆದರೆ ಈ ಗದ್ದಲದಲ್ಲಿ ಪುಣೆಯವರಿಗೆ ನೀಲವ್ವನ ಮಾಳಿಗೆಯ ಗಾಳಿಯ ಸುದ್ದಿ ತಿಳಿದುಬಿಟ್ಟಿತ್ತು. ಬೇಸಿಗೆ ಬೇರೆ. ಗಂಡಹೆಂಡತಿ ಅದೇ ಕೌದಿ ಎತ್ತಿಕೊಂಡು ಅಲ್ಲಿಗೆ ನಡೆದರು. ಮಾಲೀಕರು ಒಳಗೆ, ಬಾಡಿಗೆಯವರು ಹೊರಗೆ; ಇದನ್ನು ತಡೆಯುವ ನಿಯಮ ಯಾರೂ ಬರೆದಿರಲಿಲ್ಲ.

ಇದನ್ನೆಲ್ಲ ಕಣ್ಣಾರೆ ಕಂಡವನ ಹಾಗೆ ಹೇಳುತ್ತೇನೆ. ಹಾಗಾದರೆ ಆ ರಾತ್ರಿ ನಾನು ಮಲಗಿದ್ದೆಲ್ಲಿ? ಅತ್ತೆಯ ಪಡಸಾಲೆಯಲ್ಲೋ, ಮಾಳಿಗೆಯ ಮೇಲೋ, ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನನ್ನದೇ ಮನೆಯಲ್ಲೋ? ಗೊತ್ತಿಲ್ಲ.