ಕಾಂತದ ಪಟ್ಟಿ ಕಟ್ಟಿದ ಘಂಟೆಗಾರ

ಆರುನೂರು ಕಿಲೋ ಕಂಚಿನ ಘಂಟೆಯನ್ನು ಐವತ್ತೆಂಟು ವರ್ಷ ತೂಗಿದ ಬೆನ್ನು ಕೊನೆಗೆ ಮುರಿದದ್ದು ಕಾಲುಚೀಲ ಹಾಕಿಕೊಳ್ಳುವಾಗ. ನೇರಿಯೊ ಜಾಕರೀನಿಗೆ ನೋವಿಗಿಂತ ಹೆಚ್ಚಾಗಿ ಉರಿದದ್ದು ಈ ಅವಮಾನ. ಚರ್ಚಿನ ಗೋಪುರದಿಂದ ಬಿದ್ದೆ ಎಂದು ಹೇಳಿಕೊಳ್ಳುವ ಹಾಗಿದ್ದರೆ ಒಂದು ಮರ್ಯಾದೆ ಇರುತ್ತಿತ್ತು. ನವೆಂಬರಿನ ಒಂದು ಬೆಳಿಗ್ಗೆ, ಮಂಚದ ಅಂಚಿನಲ್ಲಿ ಕೂತು, ಎಡಗಾಲಿಗೆ ಬಗ್ಗಿದಾಗ ಬೆನ್ನಿನಲ್ಲಿ ಏನೋ ಕಟಕ್ ಎಂದಿತು, ಅಷ್ಟೇ. ಬಲಗಾಲಿನ ಕಾಲುಚೀಲ ಆ ದಿನ ಹಾಕಲೇ ಇಲ್ಲ.

ಬೊಲೋನ್ಯಾ ನಗರದ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು ಮಿರೆಲ್ಲಾ ಗುಬೆಲ್ಲಿನಿ ಎಕ್ಸ್‌ರೇ ಚಿತ್ರವನ್ನು ಬೆಳಕಿಗೆ ಹಿಡಿದರು.

"ಬೆನ್ನುಮೂಳೆಯಲ್ಲಿ ಒಂದು ಮಣಿ ಕುಸಿದಿದೆ. ಉಳಿದದ್ದೂ ಟೊಳ್ಳಾಗ್ತಾ ಇದೆ, ನೇರಿಯೊ ಅವರೇ. ಮೂಳೆ ಸವೆತ."

"ಅದು ಹೆಂಗಸರಿಗೆ ಬರೋ ಕಾಯಿಲೆ ಅಲ್ವಾ ಡಾಕ್ಟರೇ?"

"ನಿಮ್ಮ ಮೂಳೆಗೆ ಅದನ್ನ ಯಾರೂ ಹೇಳಿಲ್ಲ ಅಂತ ಕಾಣತ್ತೆ."

ಪಕ್ಕದಲ್ಲಿ ಕೂತಿದ್ದ ಹೆಂಡತಿ ಇಯೋಲೆ ನಗಲಿಲ್ಲ, ಗಂಡನನ್ನು ಛೇಡಿಸಲೂ ಇಲ್ಲ. ನೇರಿಯೊಗೆ ಮೊದಲ ಸಲ ಹೆದರಿಕೆಯಾದದ್ದು ಆಗಲೇ.

ಏಕೆಂದರೆ ಇಯೋಲೆ ಗಂಡನ ತಪ್ಪು ಹುಡುಕದೆ ಬಿಟ್ಟವಳಲ್ಲ. ಅವರ ಪರಿಚಯವಾದದ್ದೇ ಹಾಗೆ. ನಲವತ್ತೇಳು ವರ್ಷದ ಹಿಂದೆ, ಒಂದು ಭಾನುವಾರ, ಗೋಪುರ ಇಳಿದು ಬೆವರು ಒರೆಸಿಕೊಳ್ಳುತ್ತಿದ್ದ ಯುವಕನ ಎದುರು ನಿಂತು, "ಮೂರನೇ ಘಂಟೆ ನಿಮ್ಮದಾ? ಎರಡು ಸಲ ತಡವಾಯ್ತು" ಎಂದಿದ್ದಳು. ಆ ಊರಿನ ಕಡೆ ಘಂಟೆಯನ್ನು ಕೆಳಗೆ ನಿಂತು ಹಗ್ಗ ಜಗ್ಗಿ ಬಾರಿಸುವುದಿಲ್ಲ. ನಾಲ್ಕು ಘಂಟೆಗಳಿಗೆ ನಾಲ್ಕು ಜನ ಮೇಲಕ್ಕೇ ಹತ್ತಿ, ಘಂಟೆಯ ಪಕ್ಕದಲ್ಲೇ ನಿಂತು, ಅದನ್ನು ತೂಗಿ ತೂಗಿ ಬಾಯಿ ಆಕಾಶಕ್ಕೆ ಬರುವ ಹಾಗೆ ನಿಲ್ಲಿಸಿ, ಆಮೇಲೆ ಒಬ್ಬರ ಹಿಂದೆ ಒಬ್ಬರು ಬಿಡುತ್ತಾರೆ. ಕಣ್ಣುಮಿಟುಕಿಸುವಷ್ಟು ತಡವಾದರೂ ಸಾಲು ಕೆಟ್ಟಿತು. ಅಂಥ ತಡವನ್ನು ಇಯೋಲೆ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಲೇ ಹಿಡಿಯುತ್ತಿದ್ದಳು. ಮದುವೆಯಾದ ಮೇಲೂ ಅಷ್ಟೇ: ಪ್ರತಿ ಭಾನುವಾರ ಗಂಡ ಬಾಗಿಲು ತೆಗೆದರೆ ಮೊದಲು ತೀರ್ಪು, ಆಮೇಲೆ ಸಾರು.

ಆವತ್ತು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವಳು ಬಗ್ಗಿ ಅವನ ಬೂಟಿನ ದಾರ ಬಿಚ್ಚಿದಳು. ಒಂದು ತಪ್ಪೂ ಎತ್ತಿ ಆಡಲಿಲ್ಲ.

ಡಾಕ್ಟರು ಚುಚ್ಚುಮದ್ದು ಬರೆದಿದ್ದರು, ನಡೆಯಿರಿ ಎಂದಿದ್ದರು, ಭಾರ ಮುಟ್ಟಬೇಡಿ ಎಂದಿದ್ದರು. ಜೊತೆಗೆ ಸೊಂಟಕ್ಕೆ ಕಟ್ಟುವ ಒಂದು ಪಟ್ಟಿ. ಔಷಧಿ ಅಂಗಡಿಯಲ್ಲಿ ಬಾಡಿಗೆಗೆ ಸಿಗುವಂಥದ್ದು, ಆ ಕಡೆ ಮನೆಗೊಬ್ಬರಾದರೂ ಒಮ್ಮೆ ಕಟ್ಟಿಕೊಂಡಿರುತ್ತಾರೆ. ಅಗಲವಾದ ಬಟ್ಟೆಯೊಳಗೆ ತಂತಿಯ ಸುರುಳಿ, ಅದರಿಂದ ಹೊರಟ ವಯರಿನ ತುದಿಗೆ ಸೋಪಿನ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಸುರುಳಿಯಲ್ಲಿ ವಿದ್ಯುತ್ತು ಬಿಟ್ಟುಬಿಟ್ಟು ಮಿಡಿದು, ಮಿಡಿತಕ್ಕೊಮ್ಮೆ ಕಾಂತದ ಅಲೆ ಮೈಯೊಳಗೆ ಹೋಗಿ, ಸೋಮಾರಿಯಾದ ಮೂಳೆಯನ್ನು ಎಬ್ಬಿಸಬೇಕು, ಇದು ಅದರ ಕೆಲಸ. ದಿನಕ್ಕೆ ಎಂಟು ತಾಸು, ಆರು ತಿಂಗಳು.

"ಇದೊಂದೇ ಪವಾಡ ಮಾಡಲ್ಲ, ಮದ್ದಿನ ಜೊತೆ ಒಂದು ಆಸರೆ ಅಷ್ಟೆ. ಮೇ ತಿಂಗಳಲ್ಲಿ ಮತ್ತೆ ಮೂಳೆ ಅಳೀತೀನಿ. ಚೆನ್ನಾಗಿದ್ರೆ ಜೂನ್‌ನಲ್ಲಿ ಘಂಟೆ. ಇಲ್ಲದಿದ್ರೆ ಇಲ್ಲ," ಎಂದರು ಡಾಕ್ಟರು.

ಜೂನ್ ಯಾಕೆಂದರೆ ಆ ಜೂನ್ ಊರಿನ ಚರ್ಚಿನ ದೊಡ್ಡ ಹಬ್ಬ. ಹತ್ತು ವರ್ಷಕ್ಕೊಮ್ಮೆ ಬರುವಂಥದ್ದು, ಬೀದಿಯ ಕಿಟಕಿ ಕಿಟಕಿಗೂ ಕೆಂಪು ಬಟ್ಟೆ ಇಳಿಬಿಡುವಂಥದ್ದು. ನೇರಿಯೊ ಇಪ್ಪತ್ಮೂರರ ವಯಸ್ಸಿನಲ್ಲಿ ಬಾರಿಸಿದ್ದ, ಮೂವತ್ಮೂರರಲ್ಲಿ, ನಲವತ್ಮೂರರಲ್ಲಿ, ಹಾಗೇ ಒಟ್ಟು ಐದು ಸಲ. ಈಗ ಎಪ್ಪತ್ಮೂರು. ಮುಂದಿನ ಹಬ್ಬಕ್ಕೆ ಎಂಬತ್ಮೂರು. ಈ ಲೆಕ್ಕ ಮಾಡಲು ಅವನಿಗೆ ಡಾಕ್ಟರು ಬೇಕಿರಲಿಲ್ಲ.

ಪಟ್ಟಿ ಕಟ್ಟಿಕೊಂಡ ಮೊದಲ ದಿನವೇ ಅವನಿಗೆ ಅದರ ಮೇಲೆ ಅನುಮಾನ. ಬಿಸಿಯಿಲ್ಲ, ನೋವಿಲ್ಲ, ಗುಂಯ್ ಎನ್ನುವುದೂ ಇಲ್ಲ, ಹಸಿರು ದೀಪವೊಂದು ಮಿಣಮಿಣ. ನಲವತ್ತು ವರ್ಷ ಚಹಾಪುಡಿ ಪೊಟ್ಟಣ ಕಟ್ಟುವ ಯಂತ್ರ ಜೋಡಿಸಿದ ಫಿಟ್ಟರ್ ಅವನು. ಸದ್ದು ಮಾಡದ ಯಂತ್ರ ಕೆಲಸ ಮಾಡುತ್ತಿದೆ ಎಂದು ನಂಬುವುದು ಹೇಗೆ? ಆದರೂ ಕಟ್ಟಿದ. ಎಂಟು ತಾಸು ಮುಗಿದ ಮೇಲೆ ಬಿಚ್ಚಿ ಕುರ್ಚಿಗೆ ನೇತುಹಾಕಿದ. ಅಲ್ಲೇ ಎಡವಟ್ಟಾಯಿತು. ಕುರ್ಚಿಯಲ್ಲಿ ನೇತಾಡುವ ಪಟ್ಟಿ ನೋಡಿದಾಗಲೆಲ್ಲ ಅವನೊಳಗಿನ ಫಿಟ್ಟರ್ ಲೆಕ್ಕ ಹಾಕುತ್ತಿದ್ದ. ಕಾರ್ಖಾನೆಯಲ್ಲಿ ಯಂತ್ರ ಮೂರು ಪಾಳಿ ಓಡುತ್ತದೆ. ಇದು ಒಂದೇ ಪಾಳಿ ಓಡಿ ಹದಿನಾರು ತಾಸು ದಂಡಕ್ಕೆ ಬಿದ್ದಿದೆ!

ಘಂಟೆಗಾರರು ಗುರುವಾರ ಗುರುವಾರ ಗೋಪುರದ ಬುಡದ ಕೋಣೆಯಲ್ಲಿ ಸೇರುತ್ತಾರೆ. ಅಲ್ಲೊಂದು ಹಳೇ ಮೇಜು. ಮೇಜಿನ ಮೇಲೆ ಬಂದದ್ದು ನಾಲ್ವರದ್ದು ಎನ್ನುವುದು ಅಜ್ಜಂದಿರ ಕಾಲದ ಕಟ್ಟಳೆ. ಒಬ್ಬ ತಂದ ವೈನು, ಇನ್ನೊಬ್ಬ ತಂದ ಮೊರ್ಟಡೆಲ್ಲಾ ಎಂಬ ಹಂದಿಮಾಂಸದ ತಿನಿಸು, ಮತ್ತೊಬ್ಬನ ಹೆಂಡತಿ ಮಾಡಿದ ಸಿಹಿ, ಯಾವುದಕ್ಕೂ 'ನಂದು' ಎನ್ನುವ ಹಾಗಿಲ್ಲ. ಬಾರಿಸುವಂತಿಲ್ಲದಿದ್ದರೂ ನೇರಿಯೊ ಹೋದ. ಮನೆಯಲ್ಲಿ ಕೂತು ಅವರ ಅಭ್ಯಾಸ ಕೇಳುವುದಕ್ಕಿಂತ ಅದು ಮೇಲು. ಉಳಿದ ಮೂವರು ಮೇಲಿಂದ ಇಳಿದು ಬಂದರು. ಮಂಡಿ ಹಿಡಿದುಕೊಂಡು ಎರ್ಮೆಸ್, ಭುಜ ನೀವಿಕೊಂಡು ಲೆಯಾರ್ಕೊ, ಮೊಣಕೈ ಮಡಚಿ ಬಿಚ್ಚುತ್ತ ವಾಯ್ನೆರ್. ವಾಯ್ನೆರ್‌ಗೆ ಐವತ್ತೆಂಟು, ತಂಡದ ಕೂಸು.

"ಏನೋ ಅದು, ಸೊಂಟಕ್ಕೆ ಡಾಬು ಕಟ್ಕೊಂಡಿದೀಯ? ಮದುವೆ ಯಾವಾಗ?" ಎಂದ ಎರ್ಮೆಸ್.

"ಕಾಂತ ಕಣೋ. ಮೂಳೆಗೆ."

"ಮಂಡಿಗೂ ಆಗತ್ತಾ?"

"ಮಂಡೀಲಿ ಮೂಳೆ ಇದ್ರೆ ಆಗತ್ತೆ."

ಎರ್ಮೆಸ್ ಒಂದು ತಾಸು ಕಟ್ಟಿಕೊಂಡ. ಹಾಯಾಗಿದೆ ಎಂದ. ಮುಂದಿನ ಗುರುವಾರ ಲೆಯಾರ್ಕೊ ತನ್ನ ಭುಜ ಮಳೆ ಬಂದರೆ ಅಳುತ್ತದೆ ಎಂದು ಶುರುಮಾಡಿದ. ಕ್ರಿಸ್‌ಮಸ್ ಹೊತ್ತಿಗೆ ಪಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಊರು ಸುತ್ತತೊಡಗಿತು. ಮೊದಲು ಕಟ್ಟುನಿಟ್ಟಿನ ಪಾಳಿಯೇ ಇತ್ತು: ಎಂಟು ತಾಸು ನೇರಿಯೊನದು, ಮಿಕ್ಕದ್ದು ಅವರದು. ಆದರೆ ಅವನ ಬೆನ್ನು ಈಗ ನೋಯುತ್ತಿರಲಿಲ್ಲ, ಅವರ ಕೀಲುಗಳು ನೋಯುತ್ತಿದ್ದವು. ನೋಯುವವನು ಕೇಳಿದರೆ ನೋಯದವನು ಇಲ್ಲ ಎನ್ನುವುದು ಹೇಗೆ? ಎಂಟು ಆರಾಯಿತು, ಆರು ನಾಲ್ಕಾಯಿತು.

ನಿಜ ಹೇಳಬೇಕೆಂದರೆ ಕಟ್ಟಳೆಯೂ ನೆಪ, ಪಾಳಿಯೂ ನೆಪ. ಬಾರಿಸದ ಘಂಟೆಗಾರ ಆ ಮೇಜಿಗೆ ತರುವುದಾದರೂ ಏನು? ಬೇರೆಯವರು ಬೆವರು ತಂದರೆ ಇವನು ಪಟ್ಟಿ ತಂದ. ಅದನ್ನೂ ಕೊಡದಿದ್ದರೆ ತಾನು ಅಲ್ಲಿ ಬರೀ ಒಬ್ಬ ಮುದುಕ ಎಂದು ಅವನಿಗೆ ಅನಿಸಿತ್ತು. ಇದನ್ನು ಯಾರಿಗೂ ಹೇಳಲಿಲ್ಲ. ಇಯೋಲೆಗಂತೂ ಇಲ್ಲವೇ ಇಲ್ಲ. "ಪಟ್ಟಿ ಎಲ್ಲಿ?" ಎಂದರೆ "ಚಾರ್ಜಿಗೆ ಇಟ್ಟಿದೀನಿ" ಎನ್ನುತ್ತಿದ್ದ. ಮೊದಲಿನ ಇಯೋಲೆಯಾಗಿದ್ದರೆ ಆ ಸುಳ್ಳು ಒಂದು ದಿನ ನಿಲ್ಲುತ್ತಿರಲಿಲ್ಲ. ಈಗಿನವಳು ಸುಮ್ಮನೆ ಅವನ ಬೆನ್ನಿಗೆ ದಿಂಬು ಕೊಡುತ್ತಿದ್ದಳು. ಆ ದಿಂಬು ಅವನಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು.

ಮೇ ತಿಂಗಳು ಬಂತು. ಡಾಕ್ಟರು ಪೆಟ್ಟಿಗೆಯ ಗುಂಡಿ ಒತ್ತಿ ನೋಡಿದರು. ಯಂತ್ರ ಎಷ್ಟು ತಾಸು ಓಡಿದೆ ಎಂದು ಅದೇ ಬರೆದಿಟ್ಟುಕೊಳ್ಳುತ್ತದೆ ಎನ್ನುವುದು ನಲವತ್ತು ವರ್ಷದ ಫಿಟ್ಟರಿಗೆ ಹೊಳೆದೇ ಇರಲಿಲ್ಲ.

"ಎರಡು ಸಾವಿರದ ಎಂಟುನೂರ ಎಂಬತ್ತು! ದಿನಕ್ಕೆ ಹದಿನಾರು ತಾಸು! ನೇರಿಯೊ ಅವರೇ, ಎಂಟೇ ತಾಸು ಕಟ್ಟಿ ಅಂದ್ರೂ ಕಟ್ಟದವರ ಮಧ್ಯೆ ನೀವು ಬಂಗಾರ." ಆಮೇಲೆ ಮೂಳೆ ಅಳತೆಯ ಹಾಳೆ ತೆಗೆದು ಅವರ ಮುಖ ಸಪ್ಪಗಾಯಿತು. "ಮುರಿದದ್ದು ಕೂಡಿದೆ. ಆದ್ರೆ ಗಟ್ಟಿತನ ಇದ್ದಲ್ಲೇ ಇದೆ. ಆರು ತಿಂಗಳು ಕಮ್ಮಿ ಸಮಯ, ಒಪ್ತೀನಿ. ಆದ್ರೂ ಇಷ್ಟೊಂದು ತಾಸು ಕಟ್ಟಿಯೂ ಅಲ್ಲಾಡಿಲ್ಲ ಅಂದ್ರೆ ಈ ಪಟ್ಟಿ ನಿಮಗೆ ಹತ್ತಲ್ಲ ಅಂತ ಬರೀಬೇಕಾಗತ್ತೆ. ನಿಲ್ಲಿಸಿಬಿಡೋಣ."

ಪೆನ್ನು ಹಾಳೆಗೆ ಮುಟ್ಟಿತು. ಬಾಯಿ ಮುಚ್ಚಿಕೊಂಡಿದ್ದರೆ ಬಂಗಾರವಾಗಿಯೇ ಮನೆಗೆ ಹೋಗಬಹುದಿತ್ತು. ಆದರೆ ಕೆಡದ ಯಂತ್ರದ ಮೇಲೆ ಕೆಟ್ಟಿದೆ ಎಂದು ಬರೆಯುವುದನ್ನು ನೋಡಿ ಸುಮ್ಮನಿರುವುದು ಫಿಟ್ಟರಿಗೆ ಆಗದು.

"ಬರೀಬೇಡಿ ಡಾಕ್ಟರೇ. ಅದರಲ್ಲಿ ಎರ್ಮೆಸ್‌ನ ಮಂಡಿ ಇದೆ."

"ಏನಿದೆ?"

"ಮಂಡಿ. ಲೆಯಾರ್ಕೊನ ಭುಜ ಇದೆ. ವಾಯ್ನೆರ್‌ನ ಮೊಣಕೈ. ನಂದು... ದಿನಕ್ಕೆ ಮೂರು ತಾಸು ಇರಬಹುದು. ಭಾನುವಾರ ನಾಲ್ಕು."

ಡಾಕ್ಟರು ಕನ್ನಡಕ ತೆಗೆದರು. "ಅವರಲ್ಲಿ ಯಾರಿಗಾದ್ರೂ ಹೃದಯಕ್ಕೆ ಪೇಸ್‌ಮೇಕರ್ ಇದೆಯಾ? ತಮಾಷೆ ಅಲ್ಲ, ಅಂಥವರು ಇದನ್ನ ಮುಟ್ಟಬಾರದು."

"ಇಲ್ಲ ಡಾಕ್ಟರೇ. ಎರ್ಮೆಸ್‌ಗೆ ಹೃದಯವೇ ಇಲ್ಲ."

ಆಗ ಇಯೋಲೆ ಬಾಯಿ ತೆಗೆದಳು. "ಮನೆಗೆ ಮಾರಿ, ಊರಿಗೆ ಉಪಕಾರಿ!" ಎಂದಳು. ಅಷ್ಟು ಹೇಳಿ, ಕೈಚೀಲ ತೆರೆದು ಕರವಸ್ತ್ರ ಹುಡುಕಿದಳು. ನೇರಿಯೊ ಸಿದ್ಧವಾಗಿದ್ದದ್ದು ಬೈಗುಳಕ್ಕೆ, ಅಳುವಿಗಲ್ಲ. ತಾನು ಮಾಡಿದ ತಪ್ಪಿನ ತೂಕ ಅವನಿಗೆ ತಿಳಿದದ್ದು ಆ ಕರವಸ್ತ್ರ ನೋಡಿದ ಮೇಲೆ.

"ಪಟ್ಟಿ ಮತ್ತೆ ಮೊದಲಿಂದ," ಎಂದರು ಡಾಕ್ಟರು. "ಎಂಟು ತಾಸು, ನಿಮ್ಮ ಸೊಂಟಕ್ಕೇ. ಮೆಟ್ಟಿಲು ನಿಧಾನ ಹತ್ತಿ, ಒಳ್ಳೇದು. ಘಂಟೆ ತೂಗೋದು ಮಾತ್ರ ಈ ಜೂನ್‌ನಲ್ಲಿ ಇಲ್ಲ."

ಗುರುವಾರ ಅವನು ಮೇಜಿನ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಯಾರೂ ಮೊರ್ಟಡೆಲ್ಲಾ ಮುಟ್ಟಲಿಲ್ಲ. ಎರ್ಮೆಸ್ ಇಂಗು ತಿಂದ ಮಂಗನ ಹಾಗೆ ಕೂತ.

"ನೀನು ಬಾಯಿಬಿಟ್ಟು ಹೇಳಬಾರದಿತ್ತಾ, ಕತ್ತೆ?" ಎಂದ ನೇರಿಯೊಗೆ.

"ನೀನು ಕೇಳಬಾರದಿತ್ತಾ?"

"ಪಕ್ಕದೂರಿಂದ ಯಾರನ್ನಾದ್ರೂ ಕರೆಸೋಣ ಮೂರನೇ ಘಂಟೆಗೆ," ಎಂದ ವಾಯ್ನೆರ್. ಎರ್ಮೆಸ್, ಲೆಯಾರ್ಕೊ ಇಬ್ಬರೂ ಅವನನ್ನು ನೋಡಿದ ನೋಟಕ್ಕೆ ಅವನು ವೈನು ಕುಡಿಯತೊಡಗಿದ.

ಲೆಯಾರ್ಕೊ ಎದ್ದು ಮೂಲೆಯ ಕಪಾಟು ತೆಗೆದ. ಧೂಳು ಕೊಡವುತ್ತ ತೆಳ್ಳನೆಯ ಹಗ್ಗಗಳ ಒಂದು ಸಿಂಬಿ ತಂದು ಮೇಜಿನ ಮೇಲಿಟ್ಟ. ನೇರಿಯೊನ ಅಪ್ಪನವು. ಅಪ್ಪ ಮುಪ್ಪಿನಲ್ಲಿ ಘಂಟೆಗಳನ್ನು ತೂಗದೆ, ಅವುಗಳ ನಡುವೆ ಕುರ್ಚಿ ಹಾಕಿ ಕೂತು, ನಾಲ್ಕರ ನಾಲಗೆಗೂ ಹಗ್ಗ ಕಟ್ಟಿ, ಎರಡು ಕೈ ಎರಡು ಕಾಲಿನಿಂದ ಒಬ್ಬನೇ ನಾಲ್ಕನ್ನೂ ನುಡಿಸುತ್ತಿದ್ದ. ಹುಡುಗ ನೇರಿಯೊ ಅದನ್ನು ಕಲಿತಿದ್ದ, ಮೀಸೆ ಬಂದ ಮೇಲೆ ಪಾತ್ರೆ ಬಡಿಯುವ ಆಟ ಎಂದು ಹಂಗಿಸಿ ಬಿಟ್ಟಿದ್ದ.

"ಘಂಟೆ ನಿಂತೇ ಇರತ್ತೆ," ಎಂದ ಲೆಯಾರ್ಕೊ. "ನೀನು ಕೂತೇ ಇರ್ತೀಯ. ಡಾಕ್ಟರು ಕೂರಬೇಡ ಅಂದ್ರಾ?"

ಮರುದಿನ ನೇರಿಯೊ ಡಾಕ್ಟರಿಗೆ ಫೋನು ಮಾಡಿದ. ಹಗ್ಗಕ್ಕೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ಅಳೆದಿದ್ದ, ಎರಡು ಕಿಲೋ ಎಳೆತ, ಹೆಚ್ಚಿಲ್ಲ. ಕೂತು ನುಡಿಸಬಹುದಾ ಎಂದು ಕೇಳಿದ.

"ಬೆನ್ನು ನೆಟ್ಟಗಿಟ್ಟು, ಪಟ್ಟಿ ಕಟ್ಕೊಂಡು ಕೂತ್ಕೊಳ್ಳಿ," ಎಂದರು ಡಾಕ್ಟರು. "ಆ ತಾಸೂ ಲೆಕ್ಕಕ್ಕೆ ಬರತ್ತೆ."

ಹಬ್ಬದವರೆಗೆ ಪಟ್ಟಿಗೆ ಕಾವಲು ಬಿತ್ತು. ಮೂವರೂ ಪಾಳಿಯ ಮೇಲೆ ಮನೆಗೆ ಬಂದು, ಅಂಗಿ ಎತ್ತಿಸಿ, ಹಸಿರು ದೀಪ ನೋಡಿ, ಕಾಫಿ ಕುಡಿದು ಹೋಗುತ್ತಿದ್ದರು. ಇಯೋಲೆ ಕಾಫಿ ಕೊಟ್ಟಳು, ಬೈಗುಳ ಮಾತ್ರ ಕೊಡಲಿಲ್ಲ.

ಜೂನಿನ ಆ ಭಾನುವಾರ ನೂರಾ ಹನ್ನೆರಡು ಮೆಟ್ಟಿಲು ಹತ್ತಲು ನೇರಿಯೊಗೆ ಅರ್ಧ ತಾಸು ಹಿಡಿಯಿತು. ಎರ್ಮೆಸ್ ಕುರ್ಚಿ ಹೊತ್ತು ಮುಂದೆ ಮುಂದೆ ಓಡಿದ. ಮಂಡಿ ಪೂರ್ತಿ ಗುಣವಾಗಿತ್ತಂತೆ, ಯಾರ ಪಾಲಿನ ತಾಸಿನಲ್ಲಿ ಎಂದು ಕೇಳುವುದು ಬೇಡ. ಮೇಲೆ ಗಾಳಿಗೆ ಕಂಚಿನ ವಾಸನೆ. ಕೆಳಗೆ ಕಿಟಕಿಗಳ ಕೆಂಪು ಬಟ್ಟೆ, ಚೌಕದ ತುಂಬ ಜನ. ಹಗ್ಗಗಳನ್ನು ಕೈಗೂ ಕಾಲಿಗೂ ಸಿಕ್ಕಿಸಿಕೊಂಡ. ಮೂರನೇ ಘಂಟೆಯ ಮೈಯನ್ನು ಅಂಗೈಯಿಂದ ಒಮ್ಮೆ ತಡವಿದ. ಕ್ಷಮಿಸು ಎಂದನೋ, ಶುರುಮಾಡೋಣ ಎಂದನೋ, ಅವನಿಗೇ ನೆನಪಿಲ್ಲ.

ನುಡಿಸಿದ. ಅಪ್ಪ ಕಲಿಸಿದ್ದ ಮೂರು ಹಾಡು, ಒಂದರ ಹಿಂದೊಂದು. ಮೂವರು ಗೆಳೆಯರು ಗೋಡೆಗೆ ಆತು ನಿಂತಿದ್ದರು. ಅಷ್ಟು ಹೊತ್ತು ಸುಮ್ಮನೆ ನಿಂತದ್ದು ಅವರ ಜನ್ಮದಲ್ಲೇ ಮೊದಲು. ಮುಗಿದಾಗ ಕೆಳಗಿಂದ ಚಪ್ಪಾಳೆ ಮೇಲಕ್ಕೆ ಬಂತು.

ಇಳಿಯುವುದು ಹತ್ತುವುದಕ್ಕಿಂತ ತಡವಾಯಿತು. ಬುಡದ ಬಾಗಿಲಲ್ಲಿ ಜನ ಕೈ ಕುಲುಕಿದರು, ಪಾದ್ರಿಗಳು ಅಪ್ಪಿಕೊಂಡರು. ನೇರಿಯೊ ಎಲ್ಲರ ಹೆಗಲ ಮೇಲಿಂದ ಹುಡುಕಿದ್ದು ಒಬ್ಬಳನ್ನು. ಇಯೋಲೆ ಹಬ್ಬದ ನೀಲಿ ಅಂಗಿಯಲ್ಲಿ ಚೌಕದ ಆಚೆ ನಿಂತಿದ್ದಳು. ಜನರನ್ನು ಸರಿಸಿಕೊಂಡು ನೆಟ್ಟಗೆ ಬಂದಳು. ಅವನ ಎದುರು ನಿಂತು, ಸೊಂಟದ ಪಟ್ಟಿಯನ್ನು ಒಮ್ಮೆ ಜಗ್ಗಿ ಬಿಗಿ ನೋಡಿದಳು.

"ಎರಡನೇ ಹಾಡಲ್ಲಿ ಚಿಕ್ಕ ಘಂಟೆ ತಡವಾಯ್ತು," ಎಂದಳು. "ಎರಡು ಸಲ."

ಏಳು ತಿಂಗಳಾಗಿತ್ತು ಆ ತೀರ್ಪಿನ ದನಿ ಕೇಳಿ. ನೇರಿಯೊ ಬೆನ್ನು ನೆಟ್ಟಗೆ ಮಾಡಿದ.

"ಒಂದೇ ಸಲ," ಎಂದ.

"ಎರಡು ಸಲ. ನಡಿ, ಸಾರು ಆರಿಹೋಗತ್ತೆ."