ಅವನ ಮೈಮೇಲಿನ ಸೀರೆ

ರಾಣೆಬೆನ್ನೂರಿನ ಆ ಬಟ್ಟೆ ಅಂಗಡಿಗೆ ಎ.ಸಿ. ಬಂದ ಮೇಲೆ ಬೇಸಿಗೆಯಲ್ಲೂ ಒಳಗೆ ಹೋದವರ ಹಲ್ಲು ಕಟಕಟ ಎನ್ನುತ್ತಿತ್ತು. ಅಲ್ಲಿ ಸೀರೆ ತೋರಿಸುತ್ತಿದ್ದವನಿಗೆ ಸ್ವೆಟರ್ ಹಾಕುವ ಹಾಗಿರಲಿಲ್ಲ. ಹಾಕಿದರೆ ಎ.ಸಿ.ಗೆ ಅವಮಾನ ಎಂದು ಸಾಹುಕಾರರ ತಕರಾರು.

ಅದಕ್ಕವನು ಒಂದು ಉಪಾಯ ಮಾಡಿಕೊಂಡಿದ್ದ. "ಸೀರಿ ಅಂದ್ರ ಮೈಮ್ಯಾಲ ನೋಡಬೇಕ್ರೀ ಅಕ್ಕಾರ" ಎನ್ನುತ್ತ ತಾನೇ ಸೆರಗು ಹೊದ್ದು ತೋರಿಸುವನು. ಹೊದ್ದದ್ದನ್ನು ತೆಗೆಯದೆ ಅದರ ಮೇಲೇ ಇನ್ನೊಂದು ಹೊದೆಯುವನು. ಕಡೆಗೆ ಮೀಸೆಯಷ್ಟೇ ಹೊರಗೆ ಕಾಣುತ್ತಿತ್ತು. ಅವ್ವನ ಜೊತೆ ಅಂಗಡಿಗೆ ಹೋದಾಗಲೆಲ್ಲ ಇದನ್ನು ನೋಡಿದ ನಾನು ಮನೆಗೆ ಬಂದು ಚಾದರ ಹೊದ್ದು ಅವನ ಹಾಗೇ ಸೊಂಟ ತಿರುವುತ್ತಿದ್ದೆ. ಮೀಸೆ ಬರದ ನನ್ನ ಮೂತಿಗೆ ಅವನಿಗಿಂತ ಸೀರೆ ಚೆಂದ ಒಪ್ಪುತ್ತದೆ ಎಂದು ಅಜ್ಜಿಯ ತೀರ್ಪು.

ಅಕ್ಕನ ಮದುವೆಯ ಬಟ್ಟೆಗೆಂದು ಬ್ಯಾಡಗಿಯಿಂದ ಹೋದಾಗ, ಅವ್ವ ಅವನು ಎದೆಗೆ ಅವಚಿಕೊಂಡಿದ್ದ ದಪ್ಪ ರೇಷ್ಮೆ ಸೀರೆಗೇ ಬೆರಳು ಮಾಡಿದಳು.

"ಅದನ್ನ ಕೊಡು ತಮ್ಮಾ."

"ಇದು ಬ್ಯಾಡ್ರಿ ಅಕ್ಕಾರ, ಬಣ್ಣ ಬಿಡತೈತಿ."

ಸಾಹುಕಾರರಿಗೆ ಕೇಳಿಸಿಬಿಟ್ಟಿತು. "ನಮ್ಮ ಅಂಗಡ್ಯಾಗ ಬಣ್ಣ ಬಿಡತೈತಿ? ನಾಳಿಂದ ನೀ ಕೆಲಸಾ ಬಿಡತಿ ನೋಡು!"

ಅವನು ಸೀರೆ ತೆಗೆದು, ಮಡಚಿ ಕೊಟ್ಟ.

"ಅಯ್ಯ ಯವ್ವಾ, ಎಷ್ಟ ಬೆಚ್ಚಗ ಐತಿ!" ಅವ್ವ ಅಲ್ಲೇ ಹೊದ್ದುಕೊಂಡಳು. "ಕಟ್ಟಬ್ಯಾಡ್ರಿ ಸಾಹುಕಾರ್ರ, ಹಿಂಗ ಒಯ್ತೀನಿ."

ಅವನು ಕಂಕುಳಲ್ಲಿ ಕೈ ಸಿಕ್ಕಿಸಿಕೊಂಡು ನಿಂತ. ಸಾಹುಕಾರರ ಮುಖ ಅರಳಿತು.

"ನೋಡಲೇ, ಎ.ಸಿ. ಹಾಕಿಸಿದ್ದಕ್ಕ ಯಾಪಾರ ಹೆಂಗ ನಡದೈತಿ!" ಎನ್ನುತ್ತ ಎದ್ದುಹೋಗಿ, ಅದರ ಗುಂಡಿಯನ್ನು ಇನ್ನಷ್ಟು ತಿರುವಿದರು.