“ಗೊತ್ತಿಲ್ಲ” ಎನ್ನಲು ಕಲಿಸಿದವರು

ಮನೋವೈದ್ಯರಲ್ಲಿ ರೋಗಿಯ ಮಾತನ್ನು ಅರ್ಧಕ್ಕೇ ತಡೆದು ಔಷಧಿ ಬರೆಯುವವರು, ಪೂರ್ತಿ ಕೇಳಿ ಔಷಧಿ ಬರೆಯುವುದನ್ನೇ ಮರೆಯುವವರು ಎಂದು ಎರಡು ಪಂಥಗಳಿವೆ. ನಮ್ಮ ವಿಭಾಗದ ಮುಖ್ಯಸ್ಥರಾಗಿ ಈ ತಿಂಗಳು ನಿವೃತ್ತರಾಗುತ್ತಿರುವ ಡಾಕ್ಟರಮ್ಮನವರು ಯಾವ ಪಂಥಕ್ಕೂ ಸೇರದೆ, ಎಲ್ಲರ ಗೌರವಕ್ಕೂ ಕೆಲವರ ಕಿರಿಕಿರಿಗೂ ಸಮಾನವಾಗಿ ಪಾತ್ರರಾದವರು. ಅವರ ಕೈಕೆಳಗೆ ಮನಶ್ಶಾಸ್ತ್ರಜ್ಞನಾಗಿ ದುಡಿದ ನನಗೆ, ಅವರು ಪಡೆದ ಪ್ರಶಸ್ತಿಗಳಿಗಿಂತ ಒಬ್ಬ ತರುಣನ ಪ್ರಸಂಗವೇ ಅವರ ಸೇವೆಯ ಸಾರವೆಂದು ತೋರುತ್ತದೆ. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಅವರು ವಿಭಾಗ ವಹಿಸಿಕೊಂಡ ಹೊಸದರಲ್ಲಿ ಒಬ್ಬ ತಾಯಿ ಬಂದರು. ಪ್ರಾಯಕ್ಕೆ ಬಂದ ಮಗನಿಗೆ ಹುಟ್ಟಿನಿಂದ ಆಟಿಸಂ. ಪುಸ್ತಕ ಬೈಂಡಿಂಗ್ ಅಂಗಡಿಯಲ್ಲಿ ಕೆಲಸ, ಲಿಫ್ಟುಗಳೆಂದರೆ ಪ್ರಾಣ; ಬದುಕು ಒಂದು ಹದಕ್ಕೆ ಬಂದಿತ್ತು. ಅದರ ಮೇಲೆ ಗೀಳು ಕಾಯಿಲೆ ಬಂದು ಕೂತಿತು. ಹೊಸ್ತಿಲನ್ನು ಸರಿಯಾಗಿ ದಾಟದಿದ್ದರೆ ಅಮ್ಮ ಸಾಯುತ್ತಾಳೆಂಬ ಭಯ. ದಾಟಿದ್ದು ಸರಿಯಾಯಿತೆಂದು ಅನ್ನಿಸುವುದೇ ಇಲ್ಲ. ಬೆಳಿಗ್ಗೆ ಚಪ್ಪಲಿ ಮೆಟ್ಟಿದವನು ಮಧ್ಯಾಹ್ನವಾದರೂ ಬಾಗಿಲಲ್ಲೇ ಒಳಗೂ ಹೊರಗೂ. ಬೈಂಡಿಂಗ್ ಮೇಸ್ತ್ರಿ ಅವನ ಸ್ಟೂಲನ್ನು ಖಾಲಿ ಇಟ್ಟು ಕಾಯುತ್ತಿದ್ದರು. ಎಷ್ಟು ದಿನವೆಂದು ಕಾದಾರು?

ಗೀಳಿಗೆ ಚಿಕಿತ್ಸೆ ಕೊಡುವವರು ಆಟಿಸಂ ಎಂದೊಡನೆ ಕೈಮುಗಿದಿದ್ದರು. ಆಟಿಸಂ ಬಲ್ಲವರು ಗೀಳೆಂದೊಡನೆ ಬೇರೆಯವರ ವಿಳಾಸ ಬರೆದುಕೊಟ್ಟಿದ್ದರು.

“ಇವರು ಅಲ್ಲಿಗೆ ಹೋಗಿ ಅಂತಾರೆ, ಅವರು ಇಲ್ಲಿಗೆ ಹೋಗಿ ಅಂತಾರೆ. ನನ್ನ ಮಗನ್ನ ನಡುವೆ ಕೊಯ್ದು ಎರಡೂ ಕಡೆ ಕೊಡ್ಲಾ ಮೇಡಂ?” ಎಂದರು ಆ ತಾಯಿ.

“ಬೇಡಮ್ಮ, ಇಡಿಯಾಗೇ ಕರ್ಕೊಂಡ್ ಬನ್ನಿ,” ಎಂದರು ಡಾಕ್ಟರಮ್ಮ.

ಮೊದಲಿಗೆ ಅವರೂ ಎಡವಿದರು. ಆಸ್ಪತ್ರೆಯ ಲಿಫ್ಟಿನಲ್ಲಿ ಅವನು ಮತ್ತೆ ಮತ್ತೆ ಹತ್ತಿಳಿಯುವುದನ್ನೂ ಗೀಳೆಂದು ಎಣಿಸಿ ನಿಲ್ಲಿಸಿದರು. ಅವನು ಮಾತು ಬಿಟ್ಟ. ಹೊಸ್ತಿಲಿನ ಓಡಾಟ ಇಮ್ಮಡಿಯಾಯಿತು. ಮುಂದಿನ ಸಭೆಯಲ್ಲಿ ಕಿರಿಯರೆಲ್ಲರ ಎದುರಿಗೆ ಅವರು, “ನೋಯೋ ಹಲ್ಲು ಬಿಟ್ಟು ಪಕ್ಕದ್ದನ್ನ ಕಿತ್ತಿದ್ದೀನಿ. ಲಿಫ್ಟು ಅವನ ಖುಷಿ, ಹೊಸ್ತಿಲು ಅವನ ಭಯ,” ಎಂದರು. ಮುಖ್ಯಸ್ಥರೊಬ್ಬರ ಬಾಯಿಂದ ಅಂಥ ಮಾತು ಕೇಳಿದ್ದು ಅದೇ ಮೊದಲು. ಈವರೆಗೆ ಅದೇ ಕೊನೆ.

ಲಿಫ್ಟು ಅವನಿಗೆ ಮರಳಿತು. ಚಿಕಿತ್ಸೆಗೂ ಅದೇ ಮೆಟ್ಟಿಲಾಯಿತು. “ಭಯ ಹತ್ತಕ್ಕೆ ಎಷ್ಟು?” ಎಂದು ನಾನು ಶಾಸ್ತ್ರೋಕ್ತವಾಗಿ ಕೇಳಿದರೆ, “ಭಯಾನ ಯಾವ ತಕ್ಕಡೀಲಿ ತೂಗ್ತೀರಾ?” ಎಂದಿದ್ದ. ಡಾಕ್ಟರಮ್ಮನವರು ಕೇಳಿದ್ದು, “ಭಯ ಈಗ ಯಾವ ಮಹಡೀಲಿದೆ?”

“ಐದರಲ್ಲಿ.”

“ಹಂಗಾದ್ರೆ ಇಳಿಯೋವರೆಗೂ ನಿಂತಿರೋಣ.”

ಔಷಧಿಯ ಜೊತೆಗೆ ಚಿಕಿತ್ಸೆ ಇಷ್ಟೇ: ಹೊಸ್ತಿಲನ್ನು ಒಮ್ಮೆ ಮಾತ್ರ ದಾಟುವುದು, ಹಿಂದಿರುಗದೆ ಭಯ ತಾನಾಗಿ ಇಳಿಯುವವರೆಗೆ ನಿಲ್ಲುವುದು. ಕಷ್ಟವಾದದ್ದು ತಾಯಿಗೆ. “ಅಮ್ಮಂಗೆ ಏನೂ ಆಗಲ್ಲ ಅಲ್ವಾ?” ಎಂದು ಅವನು ಕೇಳಿದಾಗಲೆಲ್ಲ ಅವರು “ಏನೂ ಆಗಲ್ಲ ಕಂದಾ” ಎನ್ನುತ್ತಿದ್ದರು. ಆ ಸಮಾಧಾನವೇ ಗೀಳಿಗೆ ಮೇವು ಎಂದರು ಡಾಕ್ಟರಮ್ಮ. ಇನ್ನು “ಗೊತ್ತಿಲ್ಲ” ಎನ್ನಬೇಕೆಂದರು. ಮಗ ಯೋಚಿಸಿ ಒಪ್ಪಿದ.

“ಹೆತ್ತೋಳ ಬಾಯಲ್ಲಿ ಅದನ್ನ ಹೆಂಗ್ ಹೇಳ್ಲಿ?” ಎಂದರು ತಾಯಿ.

“ನಾನೂ ಬರ್ತೀನಿ. ಇಬ್ರೂ ಸೇರಿ ಹೇಳೋಣ.”

ಹಾಗೆಯೇ ಅವರ ಮನೆಗೆ ಹೋದೆವು. ಅವನು ಹೊಸ್ತಿಲು ದಾಟಿ ತಿರುಗಿ ಅದೇ ಪ್ರಶ್ನೆ ಕೇಳಿದ. ಇಬ್ಬರೂ “ಗೊತ್ತಿಲ್ಲ” ಎಂದರು. ತಾಯಿಯದು ಸ್ವಲ್ಪ ತಡವಾಯಿತು. ಅವನು ಬೆವರುತ್ತ ನಿಂತ. “ಐದು,” ಎಂದ. ಬಹಳ ಹೊತ್ತಿನ ಮೇಲೆ, “ಮೂರು.” ಆಮೇಲೆ ನಮ್ಮನ್ನು ಕೇಳದೆ ಬೀದಿಗಿಳಿದು ಬೈಂಡಿಂಗ್ ಅಂಗಡಿಯ ಕಡೆ ನಡೆದೇಬಿಟ್ಟ. ಮೇಸ್ತ್ರಿ ತಲೆಯೆತ್ತದೆ, “ಬಂದ್ಯಾ? ಗೋಂದು ಒಣಗ್ತಿದೆ, ಕೂತ್ಕೋ,” ಎಂದರಂತೆ.

ಈಗಲೂ ಕೆಲವು ಬೆಳಗುಗಳು ಐದನೆಯ ಮಹಡಿಯಲ್ಲೇ ಆರಂಭವಾಗುತ್ತವೆ. ಆದರೂ ಅವನು ಕೆಲಸಕ್ಕೆ ಹೋಗುತ್ತಾನೆ. ಬೇರೆಡೆ ಬಾಗಿಲು ಹಾಕಿಸಿಕೊಂಡ ಇಂಥ ಹಲವರು ಅವನ ಹಿಂದೆ ನಮ್ಮಲ್ಲಿಗೆ ಬಂದರು. ಅವರಿಗೆಂದೇ ಡಾಕ್ಟರಮ್ಮನವರು ಕಟ್ಟಿದ ಘಟಕವನ್ನು ನೋಡಲು ಈಗ ದೂರದ ವೈದ್ಯರೂ ಬರುತ್ತಾರೆ.

ಓದುಗರಾದ ತಮ್ಮ ಕೈಯಲ್ಲಿರುವ ಈ ಅಭಿನಂದನ ಸಂಪುಟವನ್ನು ಹೊಲಿದವನು ಅವನೇ. ಉಳಿದ ಲೇಖನಗಳ ಹಾಳೆಗಳನ್ನು ಕೊಡಲು ಹೋದಾಗ, ಡಾಕ್ಟರಮ್ಮನವರು ನೂರು ವರ್ಷ ಬಾಳಿ ನಮ್ಮ ತಪ್ಪುಗಳನ್ನು ತಿದ್ದುತ್ತಲೇ ಇರಲೆಂದು ನನ್ನ ಲೇಖನದ ಕೊನೆಗೆ ಬರೆಯುವುದಾಗಿ ಅವನಿಗೆ ಹೇಳಿದೆ. ಅವನು ದಾರ ಎಳೆದು ನೋಡಿದ.

“ನೂರು ವರ್ಷ ಬಾಳ್ತಾರಾ? ಗೊತ್ತಿಲ್ಲ,” ಎಂದ, ನೆಮ್ಮದಿಯಾಗಿ. “ಬಾಳ್ಲಿ ಅಂತ ನಂಗೂ ಆಸೆ. ಹೊಲಿಗೆ ಗಟ್ಟಿ ಹಾಕ್ತೀನಿ.”